ನಗಿಸುವವನ ಧರ್ಮ

ಅರಸನ ಆಸ್ಥಾನದಲ್ಲಿ ವಿದೂಷಕನಿಗೆ ಒಂದು ಸಲಿಗೆಯಿತ್ತೆಂಬುದನ್ನು ಸಂಸ್ಕೃತ ನಾಟಕಗಳು ತೋರಿಸುತ್ತವೆ. ಮಂತ್ರಿಯು ಆಡಲಾರದ ಮಾತನ್ನು ಅವನು ನಗೆಯ ಮುಸುಕಿನಲ್ಲಿ ಆಡಬಹುದಾಗಿತ್ತು. ಪ್ರಜಾಪ್ರಭುತ್ವದಲ್ಲಾದರೋ ಪ್ರಜೆಯೇ ಅರಸನು. ಹಾಗಾದರೆ ಈ ಕಾಲದ ವಿದೂಷಕನು ಯಾರನ್ನು ಕುರಿತು ನಗಬೇಕು? ಅಧಿಕಾರದಲ್ಲಿರುವವರನ್ನು ಮಾತ್ರವೇ, ಅಥವಾ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸುವ ಜನರನ್ನೂ ಸಹವೇ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಈಜಿಪ್ಟ್ ದೇಶದ ಬಾಸೆಮ್ ಯೂಸುಫರ ವೃತ್ತಾಂತವು ತಕ್ಕ ನಿದರ್ಶನವಾಗಿದೆ.

ಯೂಸುಫರು 1974ರಲ್ಲಿ ಕೈರೋ ನಗರದಲ್ಲಿ ಹುಟ್ಟಿದವರು, ಹೃದಯದ ಶಸ್ತ್ರವೈದ್ಯರಾಗಿದ್ದವರು. 2011ರ ಆದಿಯಲ್ಲಿ ಜನರು ಹೋಸ್ನಿ ಮುಬಾರಕರ ಆಳಿಕೆಗೆ ವಿರೋಧವಾಗಿ ತಹ್ರೀರ್ ಚೌಕದಲ್ಲಿ ನೆರೆದಾಗ ಅವರು ಅಲ್ಲಿ ಗಾಯಗೊಂಡವರಿಗೆ ಚಿಕಿತ್ಸೆ ಮಾಡಿದರು. ಚೌಕದಲ್ಲಿ ಕಣ್ಣಾರೆ ಕಂಡದ್ದಕ್ಕೂ ಸರ್ಕಾರದ ದೂರದರ್ಶನವು ಸಾರುತ್ತಿದ್ದುದಕ್ಕೂ ಅಜಗಜಾಂತರವಿತ್ತು. ಆ ಅಂತರವೇ ಅವರ ಹಾಸ್ಯಕ್ಕೆ ಬೀಜವಾಯಿತು. ಆ ಮಾರ್ಚಿಯಲ್ಲಿ ಮನೆಯಲ್ಲಿಯೇ ಕೆಲವು ನಿಮಿಷಗಳ ಚಿತ್ರಗಳನ್ನು ತೆಗೆದು ಯೂಟ್ಯೂಬಿನಲ್ಲಿ ಪ್ರಕಟಿಸಿದರು. ಅಮೆರಿಕದ ಜಾನ್ ಸ್ಟುವರ್ಟರು ಅವರಿಗೆ ಮೇಲ್ಪಂಕ್ತಿ. ಬಳಿಕ 'ಅಲ್ ಬರ್ನಾಮೆಗ್', ಎಂದರೆ 'ಕಾರ್ಯಕ್ರಮ', ಎಂಬ ಹೆಸರಿನಿಂದ ಅದು ದೂರದರ್ಶನವನ್ನು ಸೇರಿತು. ದೊಡ್ಡವರ ಇಂದಿನ ಮಾತಿನ ಪಕ್ಕದಲ್ಲಿ ಅವರದೇ ನಿನ್ನೆಯ ಮಾತನ್ನಿರಿಸಿ ತೋರಿಸುವುದು ಅವರ ಕ್ರಮ.

2012ರ ಜೂನಿನಲ್ಲಿ ಮೊಹಮ್ಮದ್ ಮುರ್ಸಿಯವರು ಚುನಾಯಿತರಾಗಿ ಅಧ್ಯಕ್ಷರಾದರು. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪವೆಂಬ ಗಾದೆಯು ಸುಳ್ಳಾಗಲಿಲ್ಲ. 2013ರ ಮಾರ್ಚಿಯ ಕೊನೆಯಲ್ಲಿ, ಅಧ್ಯಕ್ಷರನ್ನೂ ಇಸ್ಲಾಂ ಧರ್ಮವನ್ನೂ ಅವಮಾನಿಸಿದರೆಂಬ ಆಪಾದನೆಯ ಮೇಲೆ ಯೂಸುಫರನ್ನು ವಿಚಾರಣೆಗೆ ಗುರಿಪಡಿಸಲಾಯಿತು. ಮುರ್ಸಿಯವರ ಟೋಪಿಯನ್ನು ಅಣಕಿಸುವ ಭಾರಿ ಟೋಪಿಯೊಂದನ್ನು ಧರಿಸಿಯೇ ಅವರು ಅಲ್ಲಿಗೆ ಹೋದರು. 15,000 ಪೌಂಡುಗಳ ಜಾಮೀನಿನ ಮೇಲೆ ಬಿಡುಗಡೆ ಹೊಂದಿದರು. ಇದುವರೆಗೆ ಅವರ ಧೈರ್ಯವು ದೊಡ್ಡದೇ ಸರಿ. ಆದರೆ ಆ ಧೈರ್ಯಕ್ಕೆ ಅರ್ಧ ದೇಶದ ಚಪ್ಪಾಳೆಯ ಬೆಂಬಲವಿತ್ತೆಂಬುದನ್ನು ಮರೆಯಲಾಗದು.

ನಿಜವಾದ ಪರೀಕ್ಷೆಯು ಆಮೇಲೆ ಬಂದಿತು. 2013ರ ಜುಲೈ 3ರಂದು ಸೈನ್ಯವು ಮುರ್ಸಿಯವರನ್ನು ಪದಚ್ಯುತಗೊಳಿಸಿತು. ಆಗಸ್ಟಿನಲ್ಲಿ ಅವರ ಪಕ್ಷದವರು ನೂರಾರು ಮಂದಿ ಹತರಾದರು. ಸೇನಾಪತಿ ಅಬ್ದೆಲ್ ಫತ್ತಾ ಅಲ್ ಸಿಸಿಯವರನ್ನು ಜನರು ಉದ್ಧಾರಕನೆಂದು ಕೊಂಡಾಡತೊಡಗಿದರು. ಅಕ್ಟೋಬರ್ 25ರಂದು ಮತ್ತೆ ಆರಂಭವಾದ ಕಾರ್ಯಕ್ರಮದಲ್ಲಿ ಯೂಸುಫರು ಆ ಜನರ ಆರಾಧನೆಯನ್ನೇ ವಿಡಂಬಿಸಿದರು. ನಿನ್ನೆ ನಕ್ಕವರು ಇಂದು ಸಿಡಿದೆದ್ದರು. ಮುಂದಿನ ವಾರವೇ ವಾಹಿನಿಯು ಪ್ರಸಾರವನ್ನು ನಿಲ್ಲಿಸಿತು. 2014ರ ಫೆಬ್ರವರಿಯಲ್ಲಿ ಬೇರೊಂದು ವಾಹಿನಿ ಆಶ್ರಯವಿತ್ತಿತು. ಜೂನಿನಲ್ಲಿ ಅದೂ ಮುಗಿಯಿತು. ತಮ್ಮ ಕುಟುಂಬದವರ ಕ್ಷೇಮದ ಚಿಂತೆಯನ್ನು ತಿಳಿಸಿ ಅವರು ವಿರಮಿಸಿದರು. ಅನಂತರ ದೇಶವನ್ನೇ ಬಿಟ್ಟರು.

ಇಲ್ಲಿ ಎರಡು ಆಕ್ಷೇಪಗಳು ಹುಟ್ಟುತ್ತವೆ. ಮುರ್ಸಿಯವರ ಪಕ್ಷವನ್ನು ನಗೆಗೀಡುಮಾಡಿದ್ದರಿಂದಲೇ ಅದರ ಮೇಲೆ ನಡೆದ ಕ್ರೌರ್ಯಕ್ಕೆ ದಾರಿಯಾಗಲಿಲ್ಲವೇ ಎಂಬುದು ಮೊದಲನೆಯದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಬಿಡಲಾಗದು. ನಗೆಗೀಡಾದವನನ್ನು ಮನುಷ್ಯನೆಂದೇ ಎಣಿಸದಿರುವ ದುರಭ್ಯಾಸವು ಗುಂಪಿಗುಂಟು. ಆದರೆ ವಿಡಂಬನೆಯು ಒಬ್ಬನ ನಡತೆಯನ್ನು ಅಳೆಯುತ್ತದೆ. ದ್ವೇಷವು ಅವನ ಬದುಕುವ ಹಕ್ಕನ್ನೇ ಅಲ್ಲಗಳೆಯುತ್ತದೆ. ಗೆದ್ದವರ ಕಡೆಗೂ ಅದೇ ಅಳತೆಗೋಲನ್ನು ತಿರುಗಿಸುವುದರಿಂದ ಮಾತ್ರವೇ ವಿಡಂಬಕನು ಈ ಭೇದವನ್ನು ಸ್ಥಾಪಿಸಬಲ್ಲನು. ಯೂಸುಫರು ಅಕ್ಟೋಬರಿನಲ್ಲಿ ಸುಮ್ಮನಿದ್ದಿದ್ದರೆ ಅವರ ಹಿಂದಿನ ಹಾಸ್ಯವೆಲ್ಲವೂ ಪಕ್ಷಪಾತವಾಗಿ ಉಳಿಯುತ್ತಿತ್ತು.

ಕಡೆಗೆ ಹಿಂಜರಿದುದು ಹೇಡಿತನವಲ್ಲವೇ ಎಂಬುದು ಎರಡನೆಯ ಆಕ್ಷೇಪ. ಕುಳಿತು ನೋಡುವವರು ಇನ್ನೊಬ್ಬರಿಂದ ಬಲಿದಾನವನ್ನು ಕೇಳುವುದು ಸುಲಭ. ತನ್ನ ಪ್ರಾಣವನ್ನು ಒಡ್ಡುವ ಅಧಿಕಾರವು ಒಬ್ಬನಿಗೆ ಇರಬಹುದು. ಮಡದಿಮಕ್ಕಳ ಪ್ರಾಣವನ್ನು ಒಡ್ಡುವ ಅಧಿಕಾರವಿಲ್ಲ. ಹರಿತವನ್ನು ಕಳೆದುಕೊಂಡು ಒಡೆಯರಿಗೆ ಹಿತವಾಗಿ ನಗಿಸುತ್ತ ಮುಂದುವರಿಯುವ ದಾರಿಯೂ ಇತ್ತು. ಆ ಲಾಭದ ದಾರಿಯನ್ನು ಅವರು ಹಿಡಿಯಲಿಲ್ಲ.

ವಿದೂಷಕನನ್ನು ಅರಸನು ಸಹಿಸಿದನು. ಪ್ರಜೆಯು ತಾನೇ ಅರಸನಾದ ಮೇಲೆ ಆ ಸಹನೆಯ ಹೊಣೆಯೂ ಅವನಿಗೇ ಬಂದಿದೆ. ತಾನು ಮೆಚ್ಚಿದ ನಾಯಕನ ವಿಷಯದಲ್ಲಿ ಬಂದ ನಗೆಯನ್ನು ಕೇಳಿ ಆ ಪ್ರಜೆಯು ಏನು ಮಾಡುವನೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತನ್ನಲ್ಲಿಯೇ ಕೇಳಿಕೊಳ್ಳತಕ್ಕದ್ದು.