ಅಳಿಸಿದ್ದು, ಅಳಿಯದ್ದು

ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಬಾರದು ಎನ್ನುವುದು ನಮ್ಮ ಮನೆಗಳ ಹಳೆಯ ಮಾತು. ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಹಿರಿಯರು ಕಾರಣ ಹೇಳುತ್ತಿದ್ದರು. ನನಗೆ ತೋರುವ ಕಾರಣ ಇನ್ನೊಂದು. ಮಂದ ಬೆಳಕಿನಲ್ಲಿ ಓಲೆಯ ತಿರುಪೊಂದು ಕಸದೊಳಗೆ ಸೇರಿದ್ದರೆ ಕಾಣುವುದಿಲ್ಲ. ಬೆಳಗಿನವರೆಗೆ ಮೂಲೆಯಲ್ಲಿದ್ದರೆ ಹುಡುಕಿಕೊಳ್ಳಬಹುದು. ಎಸೆಯುವುದಕ್ಕೂ ಕಳೆದುಕೊಳ್ಳುವುದಕ್ಕೂ ನಡುವೆ ಒಂದು ರಾತ್ರಿಯಾದರೂ ಇರಲಿ ಎಂಬ ವಿವೇಕ ಅದು.

ಕಂಪ್ಯೂಟರ್ ಮಾಡಿದವರೂ ಈ ವಿವೇಕ ತೋರಿದ್ದಾರೆ. 1995ರಲ್ಲಿ ಬಂದ ವಿಂಡೋಸ್ 95ರ ಪರದೆಯ ಮೇಲೆ 'ರೀಸೈಕಲ್ ಬಿನ್' ಎಂಬ ಬುಟ್ಟಿಯ ಚಿತ್ರವಿತ್ತು. ಅದು ಇಂದಿಗೂ ಇದೆ. ಅಳಿಸಿದ ಫೈಲು ಮೊದಲು ಅದರೊಳಗೆ ಬೀಳುತ್ತದೆ; ಬೇಕೆನಿಸಿದರೆ ಇದ್ದ ಜಾಗಕ್ಕೇ ಮರಳಿಸಬಹುದು. ಶಿಫ್ಟ್ ಕೀಲಿಯನ್ನೂ ಒತ್ತಿ ಅಳಿಸಿದರೆ ಮಾತ್ರ ಅದು ಬುಟ್ಟಿಗೆ ಬರುವುದಿಲ್ಲ. ಪೆನ್ ಡ್ರೈವಿನಿಂದ ಅಳಿಸಿದ್ದೂ ಸಾಮಾನ್ಯವಾಗಿ ಹಾಗೆಯೇ.

ಬುಟ್ಟಿಯನ್ನು ಬರಿದು ಮಾಡಿದರೂ ಫೈಲು ಕೂಡಲೇ ಅಳಿಯುವುದಿಲ್ಲವೆಂದು ತಿಳಿದಾಗ ನಾನು ಬೆರಗಾದೆ. ಹಾರ್ಡ್ ಡಿಸ್ಕಿನಲ್ಲಿ ಯಂತ್ರ ಮಾಡುವುದು ಇಷ್ಟೇ: ಪುಸ್ತಕದ ಪರಿವಿಡಿಯಲ್ಲಿ ಒಂದು ಅಧ್ಯಾಯದ ಹೆಸರು ಹೊಡೆದುಹಾಕಿ, 'ಈ ಪುಟಗಳು ಖಾಲಿ' ಎಂದು ಗುರುತು ಹಾಕಿದಂತೆ. ಪುಟಗಳ ಮೇಲೆ ಹೊಸದನ್ನು ಬರೆಯುವ ತನಕ ಹಳೆಯ ಬರಹ ಹಾಗೆಯೇ ಇರುತ್ತದೆ. ಆದ್ದರಿಂದಲೇ, ಬೇಕಾದದ್ದು ಅಳಿಸಿಹೋದರೆ ಆ ಡಿಸ್ಕಿನಲ್ಲಿ ಹೊಸದೇನನ್ನೂ ಸೇರಿಸಬಾರದು. ಫೈಲು ಮರಳಿ ತರುವ ತಂತ್ರಾಂಶವನ್ನೂ, ಸಿಕ್ಕ ಫೈಲುಗಳನ್ನೂ ಬೇರೊಂದು ಡಿಸ್ಕಿನಲ್ಲೇ ಇಡಬೇಕು. ಈಚಿನ ಎಸ್.ಎಸ್.ಡಿ.ಗಳಲ್ಲಿ ಖಾಲಿ ಎಂದು ಗುರುತಾದ ಜಾಗವನ್ನು ಯಂತ್ರವೇ ಬೇಗ ಶುಚಿ ಮಾಡಿಬಿಡುವುದರಿಂದ ಮರಳಿ ಸಿಗುವುದು ಕಷ್ಟ.

ಇದು ತಂತ್ರದ ಮಾತಾಯಿತು. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಮರಳಿ ತರಲು ಬರುತ್ತದೆ ಎಂದ ಮಾತ್ರಕ್ಕೆ ತರಬೇಕೇ?

ನಮ್ಮ ಬೀದಿಯ ಗೆಳತಿಯೊಬ್ಬರು ಪತಿಯನ್ನು ಕಳೆದುಕೊಂಡು ಎರಡು ವರ್ಷವಾಗಿತ್ತು. ಅವರ ಹಳೆಯ ಕಂಪ್ಯೂಟರಿನಲ್ಲಿ ಮೊಮ್ಮಗ ಆಟವಾಡುತ್ತಾ ಮಗಳ ಮದುವೆಯ ಫೋಟೋಗಳನ್ನೆಲ್ಲ ಅಳಿಸಿಬಿಟ್ಟ. ರಿಪೇರಿಯ ಹುಡುಗ ಬಂದು ಫೋಟೋಗಳನ್ನು ಮರಳಿ ತಂದುಕೊಟ್ಟ. ಅವುಗಳ ಜೊತೆಗೆ ಯಾರೂ ಕೇಳದ ಮೂರು ಫೈಲುಗಳೂ ಬಂದವು. 'ಅಣ್ಣನಿಗೆ' ಎಂದು ಅವುಗಳ ಹೆಸರು. ಆಸ್ತಿಯ ಪಾಲಿನ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟು ಬಹಳ ಕಾಲವಾಗಿತ್ತು. ಬರೆದದ್ದೂ ಅವರೇ, ಕಳಿಸದೆ ಅಳಿಸಿದ್ದೂ ಅವರೇ.

"ಟೀಚರೇ, ತೆರೆದು ಓದಲೇ?" ಎಂದು ಗೆಳತಿ ಕೇಳಿದರು. "ಭಾವನವರು ಇನ್ನೂ ಇದ್ದಾರೆ. ತಮ್ಮನ ಮಾತು ಕೇಳಿದರೆ ಮನಸ್ಸು ತಣ್ಣಗಾದೀತು."

ಈ ಆಸೆ ಸಣ್ಣದಲ್ಲ. ಆದರೂ ನನಗೆ ನಮ್ಮ ತಾಯಂದಿರ ಹಂಡೆ ಒಲೆ ನೆನಪಾಯಿತು. ಬಚ್ಚಲುಮನೆಯ ಆ ಒಲೆಗೆ ಎಷ್ಟು ಹೆಂಗಸರು ಎಷ್ಟು ಕಾಗದ ಹಾಕಿದರೋ! ಬೀಗವಿರುವ ಕೋಣೆಯಾಗಲಿ ಪೆಟ್ಟಿಗೆಯಾಗಲಿ ಇಲ್ಲದವರಿಗೆ ಬೂದಿಯೊಂದೇ ಗುಟ್ಟು ಕಾಯುತ್ತಿತ್ತು. ಯಂತ್ರಕ್ಕೆ ಬೂದಿ ಮಾಡಲು ಬಾರದಿದ್ದರೆ, ಆ ಕೆಲಸ ನಮ್ಮ ಸಂಯಮದ ಪಾಲಿಗೆ ಬರುತ್ತದೆ.

ಹಾಗೆಂದು ಅಳಿಸಿದ್ದೆಲ್ಲ ಅಳಿದೇ ಹೋಗಲಿ ಎನ್ನಲಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ತಪ್ಪಾದರೆ ನಾವು ಉಜ್ಜಿ ಅಳಿಸುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. ಏಕೆಂದರೆ ಅದು ಬರೆದವರ ಸ್ವತ್ತಲ್ಲ, ಅದರಲ್ಲಿ ಮಕ್ಕಳ ಹಕ್ಕಿದೆ. ಸಂಘದ ಲೆಕ್ಕವನ್ನೋ ಬೆದರಿಕೆಯ ಪತ್ರವನ್ನೋ ಯಾರಾದರೂ ಅಳಿಸಿದರೆ ಹುಡುಕಿ ತೆಗೆಯುವುದೇ ನ್ಯಾಯ. ಆದ್ದರಿಂದ ಕೇಳಿಕೊಳ್ಳಬೇಕಾದದ್ದು ಎರಡು: ಅಳಿಸಿದ್ದು ಕೈ ತಪ್ಪಿಯೋ, ಮನಸ್ಸು ಮಾಡಿಯೋ? ಅಲ್ಲಿದ್ದುದು ಯಾರ ಬದುಕು? ಕೈ ತಪ್ಪಿದ್ದನ್ನು ಮರಳಿಸುವುದು ಉಪಕಾರ. ಒಬ್ಬರು ತಮ್ಮದೇ ಮಾತನ್ನು ಬೇಡವೆಂದು ಅಳಿಸಿದ್ದರೆ, ಪ್ರೀತಿಯಿಂದ ಕೆದಕಿದರೂ ಅದು ಕೆದಕಿದ್ದೇ.

2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಅದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ ಗಂಡ ಅಳಿಸಿದ ಪತ್ರವನ್ನು ಹೆಂಡತಿ ಓದಬಹುದೇ ಎಂಬ ಸಂದಿಗ್ಧವನ್ನು ಯಾರೂ ಕೋರ್ಟಿಗೆ ಒಯ್ಯುವುದಿಲ್ಲ. ಅದನ್ನು ಮನೆಯಲ್ಲೇ, ಒಬ್ಬರೇ ಕುಳಿತು ತೀರ್ಮಾನಿಸಬೇಕು.

ನನಗನ್ನಿಸಿದ್ದನ್ನು ಗೆಳತಿಗೆ ಹೇಳಿದೆ. ಅವರು ಒಂದು ವಾರ ಯೋಚಿಸಿದರು. ಫೋಟೋಗಳನ್ನು ಎರಡು ಕಡೆ ನಕಲು ಮಾಡಿಸಿದರು. ಪತ್ರಗಳನ್ನು ತೆರೆಯದೆ ಅಳಿಸಲು ಹೇಳಿದರು. ಆಮೇಲೆ ಭಾವನವರಿಗೆ ಫೋನು ಮಾಡಿ ಒಂದೇ ಮಾತು ಹೇಳಿದರಂತೆ: "ನಿಮಗೆ ಕಾಗದ ಬರೆಯಬೇಕೆಂದು ಅವರು ಮೂರು ಸಲ ಕೂತಿದ್ದರು."

ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲವಂತೆ. ಅಷ್ಟು ಹೇಳುವ ಅಧಿಕಾರವಾದರೂ ಅವರಿಗಿತ್ತೇ ಎಂದು ನನ್ನ ಲೆಕ್ಕ ಈಗಲೂ ಕೇಳುತ್ತದೆ. ಇತ್ತು ಎಂದು ಮನಸ್ಸು ಹೇಳುತ್ತದೆ.