ಕೃತಕ ಚರ್ಮ ಮತ್ತು ಅರಿವಿನ ಪ್ರಶ್ನೆ

ಹಗ್ಗದಲ್ಲಿ ಹಾವು ಕಾಣುವ ದೃಷ್ಟಾಂತವನ್ನು ಅದ್ವೈತಿಗಳು ಅಧ್ಯಾಸಕ್ಕೆ, ಅಂದರೆ ಹಿಂದೆ ಕಂಡದ್ದನ್ನು ನೆನಪಿನ ಬಲದಿಂದ ಎದುರಿನ ಬೇರೊಂದು ವಸ್ತುವಿನ ಮೇಲೆ ಆರೋಪಿಸುವ ಭ್ರಮೆಗೆ, ಬಳಸುತ್ತಾರೆ. ಅಲ್ಲಿ ಮಬ್ಬು ಬೆಳಕೇ ಸಾಕು. ಆದರೆ ನಟನ ಮುಖವನ್ನು ಸರೀಸೃಪದ್ದಾಗಿಸುವ ಪ್ರಸಾಧನ ಕಲಾವಿದನ ಕೃತಿ ನಿಚ್ಚಳ ಬೆಳಕಿನಲ್ಲಿ ನಿಲ್ಲಬೇಕಾದ್ದರಿಂದ ಆತ ಶರೀರರಚನೆಯನ್ನು ಅಭ್ಯಸಿಸಲೇಬೇಕು: ಹಲ್ಲಿ, ಹಾವುಗಳ ಹುರುಪೆ ಮೀನಿನದರಂತೆ ಬಿಡಿಯಾಗಿ ಕೀಳಬಹುದಾದುದಲ್ಲ, ಉಗುರಿನಲ್ಲೂ ಇರುವ ಕೆರಟಿನ್ ಎಂಬ ಗಡಸು ಪ್ರೋಟೀನಿನಿಂದ ದಪ್ಪಗಟ್ಟಿದ ಹೊರಚರ್ಮದ ಮಡಿಕೆ, ಹುರುಪೆಗಳ ನಡುವಿನ ತೆಳುಚರ್ಮದಿಂದಲೇ ಮೈ ಬಾಗುತ್ತದೆ, ಹಾವಿಗೆ ಮಿಟುಕಿಸುವ ರೆಪ್ಪೆಯಿಲ್ಲ, ಪಾರದರ್ಶಕ ಪೊರೆಯೊಂದು ಕಣ್ಣನ್ನು ಮುಚ್ಚಿರುತ್ತದೆ, ಮನುಷ್ಯರಂತೆ ಭಾವ ತೋರುವ ಮುಖಸ್ನಾಯುಗಳೂ ಸರೀಸೃಪಗಳಿಗಿಲ್ಲ.

ಈ ಕೊನೆಯ ಸಂಗತಿಯೇ ತಾತ್ತ್ವಿಕವಾಗಿ ಹೆಚ್ಚು ಗಹನವಾದುದು. 1985ರ ‘ಎನಿಮಿ ಮೈನ್’ ಚಿತ್ರದಲ್ಲಿ ಕ್ರಿಸ್ ವಾಲಾಸ್ ರೂಪಿಸಿದ ಹುರುಪೆಮುಖದ ಮೂಲಕ ಲೂಯಿ ಗಾಸೆಟ್ ಜೂನಿಯರ್ ಅನ್ಯಗ್ರಹದ ಜೀವಿಯೊಂದಕ್ಕೆ ತನ್ನ ಹುಟ್ಟಲಿರುವ ಮಗುವಿನ ಬಗೆಗಿರುವ ಕಳಕಳಿಯನ್ನು ಅಭಿನಯಿಸಿದಾಗ, ಸರೀಸೃಪದ ಶರೀರ ತೋರಲಾರದ ಭಾವವೇ ಪ್ರೇಕ್ಷಕನನ್ನು ತಟ್ಟುತ್ತದೆ. ಈ ಅರಿವು ಎಂಥದು? ಭರತನ ರಸಸೂತ್ರಕ್ಕೆ ವ್ಯಾಖ್ಯಾನ ಬರೆದ ಶಂಕುಕನು ಚಿತ್ರತುರಗನ್ಯಾಯದಿಂದ, ಎಂದರೆ ಚಿತ್ರದ ಕುದುರೆಯನ್ನು ಕುದುರೆಯೆಂದೇ ಗ್ರಹಿಸುವ ನಿದರ್ಶನದಿಂದ, ನಾಟ್ಯಪ್ರತೀತಿ, ಅಂದರೆ ನಾಟ್ಯ ನೋಡುವಾಗ ಆಗುವ ಅರಿವು, ಸತ್ಯವೂ ಮಿಥ್ಯೆಯೂ ಸಂಶಯವೂ ಸಾದೃಶ್ಯಜ್ಞಾನವೂ ಅಲ್ಲವೆಂದು ನಿರೂಪಿಸಿದನು. ರಸವನ್ನು ಭಾವದ ಅನುಕರಣವೆನ್ನುವ ಅವನ ವಾದವನ್ನು ನಂತರದ ವ್ಯಾಖ್ಯಾನಕಾರ ಅಭಿನವಗುಪ್ತನು ಖಂಡಿಸಿದ್ದು ಪ್ರಸಿದ್ಧವೇ ಆದರೂ, ಇಲ್ಲಿ ಹಗ್ಗದ ದೃಷ್ಟಾಂತಕ್ಕಿಂತ ಶಂಕುಕನ ವಿವೇಚನೆಯೇ ಹೆಚ್ಚು ಒಪ್ಪುತ್ತದೆ. ಏಕೆಂದರೆ ಹಗ್ಗವೆಂದು ತಿಳಿದೊಡನೆ ಹಾವು ಅಳಿಯುತ್ತದೆ, ಮುಖವಾಡ ರಬ್ಬರಿನದೆಂದು ಮೊದಲೇ ಬಲ್ಲ ಪ್ರೇಕ್ಷಕನಿಗೆ ಆ ಜೀವಿಯ ಸಂಕಟ ಅಳಿಯುವುದಿಲ್ಲ.