ಊರ್ಧ್ವದಿಕ್ಕಿನ ಗಡಿ

ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿ ತಾನು ಎಲ್ಲಿಯವರೆಗೆ ಹೋಗುವೆನು, ಎಲ್ಲಿಂದಾಚೆಗೆ ಹೋಗೆನು ಎಂದು ಗೃಹಸ್ಥನು ಮೊದಲೇ ಗಡಿ ಹಾಕಿಕೊಳ್ಳುವುದು ಇದರ ಸ್ವರೂಪ. ಆ ಹತ್ತರಲ್ಲಿ ಊರ್ಧ್ವದಿಕ್ಕೂ ಒಂದು. ನಮ್ಮ ಹಿರಿಯರಿಗೆ ಅದು ಬೆಟ್ಟದ ನೆತ್ತಿಯಷ್ಟೇ ಆಗಿದ್ದಿರಬೇಕು. ನನಗೆ ಈ ದಿಕ್ಕಿನ ಯೋಚನೆ ಹತ್ತಿದ್ದು 2023ರ ಆಗಸ್ಟ್ 23ರ ಸಂಜೆ, ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವಪ್ರದೇಶದಲ್ಲಿ ಇಳಿದಾಗ. ಅದೇ ಅಕ್ಟೋಬರಿನಲ್ಲಿ ಸರ್ಕಾರವು 2035ಕ್ಕೆ ಅಂತರಿಕ್ಷ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ ಎಂಬ ಎರಡು ಗುರಿಗಳನ್ನು ಸಾರಿತು.

ಇಂತಹ ಗುರಿಯನ್ನು ಯಾವ ಕಾರಣಕ್ಕಾಗಿ ಆರಿಸಬೇಕು? ಅಹಮದಾಬಾದಿನ ಜೈನ ಮನೆತನದಲ್ಲಿ ಹುಟ್ಟಿದ ವಿಕ್ರಮ್ ಸಾರಾಭಾಯಿಯವರು 1960ರ ದಶಕದಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದ್ದರು. ಚಂದ್ರನಿಗೋ ಗ್ರಹಗಳಿಗೋ ಹೋಗುವುದರಲ್ಲಿ, ಮನುಷ್ಯರನ್ನು ಕಳುಹಿಸುವುದರಲ್ಲಿ ಸಿರಿವಂತ ದೇಶಗಳೊಡನೆ ಪೈಪೋಟಿ ನಮ್ಮ ಉದ್ದೇಶವಲ್ಲ. ಜನರ ಕಷ್ಟಗಳಿಗೆ ಈ ವಿದ್ಯೆ ಒದಗಬೇಕು ಎಂಬುದು ಅವರ ನಿಲುವು. 1975–76ರಲ್ಲಿ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳಿಗೆ ದೂರದರ್ಶನ ತಲುಪಿದ್ದು ಆ ನಿಲುವಿನ ಫಲ. ಅದೂ ಒಂದು ದಿಗ್ವ್ರತವೇ.

ಅಮೆರಿಕದ ದಾರಿ ಬೇರೆ. ಗಗಾರಿನ್ ಮೇಲೇರಿದ ಮರುತಿಂಗಳೇ, 1961ರ ಮೇನಲ್ಲಿ, ಕೆನೆಡಿಯವರು ಚಂದ್ರನನ್ನು ಗುರಿಯಾಗಿ ಆರಿಸಿದರು. ಎದುರಾಳಿಯನ್ನು ಮೀರುವುದೇ ಮುಖ್ಯ ಕಾರಣ. ಮೀರಿದ್ದಾಯಿತು, 1972ರ ಡಿಸೆಂಬರಿನಲ್ಲಿ ಆ ಯಾತ್ರೆಗಳು ನಿಂತವು. ಮುಂದೆ 2004ರಲ್ಲಿ ಮತ್ತೆ ಚಂದ್ರ, 2010ರಲ್ಲಿ ಅದು ಬೇಡ, ಕ್ಷುದ್ರಗ್ರಹ; 2017ರಲ್ಲಿ ಪುನಃ ಚಂದ್ರ. ಅಧ್ಯಕ್ಷರು ಬದಲಾದಂತೆಲ್ಲ ಗಮ್ಯವೂ ಬದಲಾಯಿತು.

ನಗುವ ಅಧಿಕಾರ ನನಗಿಲ್ಲ. ಎದುರಂಗಡಿಯವರು ಹುಬ್ಬಳ್ಳಿಯಲ್ಲಿ ಶಾಖೆ ತೆರೆದರೆಂಬ ಒಂದೇ ಕಾರಣಕ್ಕೆ ನಾನೂ ಅಲ್ಲಿ ಮಳಿಗೆ ಹಿಡಿದಿದ್ದೆ. ಮೂರು ವರ್ಷ ಬಾಡಿಗೆ ಕಟ್ಟಿದೆ. ಯಾವ ಮಾಲನ್ನು ಯಾರಿಗೆ ಮಾರಲು ಹೋದೆನೆಂಬ ಪ್ರಶ್ನೆಗೆ ನನ್ನ ಖಾತೆ-ಕಿರ್ದಿಯಲ್ಲಿ ಉತ್ತರವಿರಲಿಲ್ಲ. ವಾಣಿಜ್ಯ ಪದವಿ ಪಡೆದವನ ಲೆಕ್ಕ ಇದು!

ದಿಗ್ವ್ರತದ ಐದು ಅತಿಚಾರಗಳಲ್ಲಿ ಕೊನೆಯವೆರಡು ಇಲ್ಲಿ ಪ್ರಸ್ತುತ: ಲೋಭದಿಂದ ಕ್ಷೇತ್ರವನ್ನು ಹಿಗ್ಗಿಸುವುದು ಮತ್ತು ಹಾಕಿಕೊಂಡ ಗಡಿಯನ್ನೇ ಮರೆಯುವುದು. ದೇಶಕ್ಕೆ ಶ್ರಾವಕನ ವ್ರತ ಹೊರಿಸಲಾಗದು, ನಿಜ. ಸಾರಾಭಾಯಿಯವರ ಕಾಲದ ಬಡತನ, ಪರಾವಲಂಬನೆ ಇಂದಿಲ್ಲ. ಗಡಿ ಬದಲಾದರೆ ತಪ್ಪೇನೂ ಅಲ್ಲ. ಆದರೆ ಬದಲಾಯಿಸಿದೆವೆಂದು ಒಪ್ಪಿ, ಕಾರಣವನ್ನು ಬರೆದಿಡಬೇಕು. ಗಗನಯಾನ ಕಾರ್ಯಕ್ರಮದ ಒಟ್ಟು ಮೊತ್ತ 2024ರಲ್ಲಿ 20,193 ಕೋಟಿ ರೂಪಾಯಿಗೆ ಏರಿತು. ನಿಲ್ದಾಣದ ಮೊದಲ ಘಟಕವೂ ಅದರಲ್ಲಿ ಸೇರಿದೆ. ಸುಮಾರು 615 ಕೋಟಿಯಲ್ಲಿ ಚಂದ್ರಯಾನ-3 ಯಂತ್ರದಿಂದಲೇ ಕೆಲಸ ಮುಗಿಸಿತು. ಚಂದ್ರನ ಮಣ್ಣನ್ನು ತರುವ ಚಂದ್ರಯಾನ-4ರಲ್ಲೂ ಮನುಷ್ಯನಿಲ್ಲ. ಹಾಗಾದರೆ ಮನುಷ್ಯನನ್ನೇ ಕಳುಹಿಸಲು ಕೀರ್ತಿಯ ಹೊರತಾದ ಕಾರಣವೇನು? ಸಂಸತ್ತು ಇದನ್ನು ಆಯವ್ಯಯದ ಒಂದು ಸಾಲಾಗಿ ದಾಟಿಸದೆ ದಿನವಿಡೀ ಚರ್ಚಿಸಬೇಕು.

ಇನ್ನೊಂದು ಮಾತು. ಎಲ್ಲರ ಕಣ್ಣು ದಕ್ಷಿಣ ಧ್ರುವದ ಮೇಲಿರುವುದು ಬಿಸಿಲು ಕಾಣದ ಕುಳಿಗಳ ಮಂಜುಗಡ್ಡೆಗಾಗಿ. ಚಂದ್ರನು ಯಾವ ರಾಷ್ಟ್ರದ ಸೊತ್ತೂ ಅಲ್ಲವೆಂದು 1967ರ ಒಪ್ಪಂದ ಹೇಳುತ್ತದೆ. ಅಲ್ಲಿನ ಸಂಪತ್ತು ಮಾನವಕುಲಕ್ಕೆಲ್ಲ ಸೇರಿದ್ದೆಂಬ 1979ರ ಒಪ್ಪಂದಕ್ಕೆ ಭಾರತ 1982ರಲ್ಲಿ ಸಹಿ ಹಾಕಿತು, ಸ್ಥಿರೀಕರಿಸಲಿಲ್ಲ. 2023ರ ಜೂನ್‌ನಲ್ಲಿ ಸಹಿ ಹಾಕಿದ ಆರ್ಟೆಮಿಸ್ ಒಡಂಬಡಿಕೆಯಾದರೋ ಆ ಸಂಪತ್ತನ್ನು ತೆಗೆದು ಬಳಸಲು ಅವಕಾಶ ಕೊಡುತ್ತದೆ. ಈ ಎರಡರಲ್ಲಿ ನಾವು ಯಾವುದಕ್ಕೆ ಬದ್ಧರೆಂದು ಹೊರಡುವ ಮೊದಲೇ ತಿಳಿಸಬೇಕು.